ಕಾರಿನ ಎಸಿ ಗ್ಯಾಸ್ ವರ್ಷಕ್ಕೊಮ್ಮೆ ಖಾಲಿಯಾಗುತ್ತದೆಯೇ? ಆ ಗ್ಯಾಸ್ ತಂದ ಥಾಮಸ್ ಮಿಡ್ಜ್ಲಿಯ ಕಥೆ

ಬೇಸಿಗೆ ಶುರುವಾದರೆ ಸಾಕು, ನಮ್ಮ ಫೋನುಗಳಲ್ಲಿ ಎರಡು ಬಗೆಯ ಮೆಸೇಜುಗಳು ಓಡಾಡುತ್ತವೆ. ಕಾರಿನ ಎಸಿ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುತ್ತದೆ, ವರ್ಷಕ್ಕೊಮ್ಮೆ ತುಂಬಿಸಲೇಬೇಕು ಎನ್ನುವುದು ಒಂದು. ಆ ಗ್ಯಾಸ್ ಕಂಡುಹಿಡಿದವನು ಗೊತ್ತಿದ್ದೂ ಓಝೋನ್ ಪದರಕ್ಕೆ ತೂತು ಮಾಡಿದ ಎನ್ನುವುದು ಇನ್ನೊಂದು. ಮೊದಲನೆಯದು ತಪ್ಪು. ಎರಡನೆಯದು ಅರ್ಧ ಸತ್ಯ. ಎರಡನ್ನೂ ಒಟ್ಟಿಗೆ ನೋಡೋಣ, ಏಕೆಂದರೆ ಒಂದರ ಉತ್ತರ ಇನ್ನೊಂದರಲ್ಲಿದೆ.

ಯಾರು ಈ ಮಿಡ್ಜ್ಲಿ?

ಥಾಮಸ್ ಮಿಡ್ಜ್ಲಿ ಹುಟ್ಟಿದ್ದು 1889ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ತಂದೆಯೂ ಸಂಶೋಧಕರೇ. ಮಿಡ್ಜ್ಲಿ 1911ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಆದರೆ ಅದು ರಸಾಯನಶಾಸ್ತ್ರದಲ್ಲಲ್ಲ, ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ. 1916ರಲ್ಲಿ ಓಹಾಯೊದ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಪ್ರಯೋಗಾಲಯ ಸೇರಿದರು. ಮುಂದೆ ಇದು ಜನರಲ್ ಮೋಟರ್ಸ್ ಕಂಪನಿಯ ಭಾಗವಾಯಿತು.

ಆ ಕಾಲದ ಕಾರುಗಳ ದೊಡ್ಡ ತೊಂದರೆ ಎಂಜಿನ್ ನಾಕಿಂಗ್, ಅಂದರೆ ಟಕ ಟಕ ಬಡಿತ. ವರ್ಷಗಟ್ಟಲೆ ಹುಡುಕಿದ ಮೇಲೆ, 1921ರ ಡಿಸೆಂಬರ್‌ನಲ್ಲಿ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ ಬೆರೆಸಿದರೆ ಬಡಿತ ನಿಲ್ಲುತ್ತದೆ ಎಂದು ಅವರು ಕಂಡುಕೊಂಡರು. ಸೀಸ ವಿಷ ಎಂಬುದು ಆಗಲೇ ಎಲ್ಲರಿಗೂ ಗೊತ್ತಿತ್ತು. 1923ರಲ್ಲಿ ಸ್ವತಃ ಮಿಡ್ಜ್ಲಿಯೇ ಸೀಸದ ವಿಷದಿಂದ ಕಾಯಿಲೆ ಬಿದ್ದು ರಜೆ ಹಾಕಬೇಕಾಯಿತು. 1924ರಲ್ಲಿ ನ್ಯೂಜೆರ್ಸಿಯ ಘಟಕವೊಂದರಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಸತ್ತರು. ಆಗ ಮಿಡ್ಜ್ಲಿ ಪತ್ರಕರ್ತರ ಮುಂದೆ ಅದೇ ದ್ರವದಲ್ಲಿ ಕೈ ತೊಳೆದು, ಸುಮಾರು ಒಂದು ನಿಮಿಷ ಅದರ ಆವಿಯನ್ನು ಮೂಸಿ, ಅಪಾಯವೇನೂ ಇಲ್ಲವೆಂದು ತೋರಿಸಿದರು. ಇಲ್ಲಿ ಗೊತ್ತಿದ್ದೂ ಮಾಡಿದರು ಎಂಬ ಆರೋಪಕ್ಕೆ ಆಧಾರವಿದೆ. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತಿದ್ದು 2000ರಲ್ಲಿ. ಜಗತ್ತಿನ ಕೊನೆಯ ದೇಶವಾಗಿ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ.

ತಂಪು ಗ್ಯಾಸಿನ ಕಥೆ ಬೇರೆ

1920ರ ದಶಕದ ಫ್ರಿಜ್‌ಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಬಳಸುತ್ತಿದ್ದರು. ಸೋರಿದರೆ ಮನೆಮಂದಿಯ ಪ್ರಾಣಕ್ಕೇ ಸಂಚಕಾರ. ವಿಷವಲ್ಲದ, ಬೆಂಕಿ ಹಿಡಿಯದ ಗ್ಯಾಸ್ ಬೇಕೆಂದು 1928ರಲ್ಲಿ ಕೆಟರಿಂಗ್ ಮಿಡ್ಜ್ಲಿಗೆ ಕೆಲಸ ಒಪ್ಪಿಸಿದರು. ಬೆಲ್ಜಿಯಂನ ಫ್ರೆಡರಿಕ್ ಸ್ವಾರ್ಟ್ಸ್ 1890ರ ದಶಕದಲ್ಲೇ ಈ ಬಗೆಯ ಸಂಯುಕ್ತಗಳನ್ನು ತಯಾರಿಸಿದ್ದರು. ಅವು ತಂಪು ಮಾಡಲು ತಕ್ಕವು ಎಂದು ತೋರಿಸಿದ್ದು ಮಿಡ್ಜ್ಲಿ ಮತ್ತು ಜೊತೆಗಾರರು. 1930ರಲ್ಲಿ ಅಟ್ಲಾಂಟಾದ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಅವರು ಆ ಗ್ಯಾಸನ್ನು ಬಾಯಿತುಂಬ ಎಳೆದುಕೊಂಡು, ಉರಿಯುವ ಮೇಣದಬತ್ತಿಯ ಮೇಲೆ ಊದಿ ಆರಿಸಿದರು. ವಿಷವೂ ಅಲ್ಲ, ಹೊತ್ತಿಕೊಳ್ಳುವುದೂ ಇಲ್ಲ ಎಂಬುದಕ್ಕೆ ಒಂದೇ ಉಸಿರಿನ ಸಾಕ್ಷಿ!

ಅದೇ ಫ್ರೀಯಾನ್, ಅಂದರೆ ಆರ್-12. 1939ರಲ್ಲಿ ಪ್ಯಾಕರ್ಡ್ ಕಂಪನಿ ಎಸಿ ಇರುವ ಕಾರನ್ನು ತೋರಿಸಿತು. ಮುಂದೆ ದಶಕಗಳ ಕಾಲ ಕಾರಿನ ಎಸಿಗಳಲ್ಲಿ ಇದೇ ಗ್ಯಾಸ್ ಇತ್ತು.

1940ರಲ್ಲಿ ಮಿಡ್ಜ್ಲಿಗೆ ಪೋಲಿಯೊ ಬಡಿಯಿತು. ಹಾಸಿಗೆಯಿಂದ ಏಳಲು ಹಗ್ಗ, ರಾಟೆಗಳ ವ್ಯವಸ್ಥೆಯೊಂದನ್ನು ತಾವೇ ರೂಪಿಸಿಕೊಂಡರು. 1944ರ ನವೆಂಬರ್ 2ರಂದು ಅದೇ ಹಗ್ಗ ಕೊರಳಿಗೆ ಸುತ್ತಿ, ಉಸಿರುಗಟ್ಟಿ ತೀರಿಕೊಂಡರು. ಆಗ ಅವರಿಗೆ 55 ವರ್ಷ.

ಈ ಗ್ಯಾಸ್ ಮೇಲೇರಿ, ಅದರ ಕ್ಲೋರಿನ್ ಓಝೋನನ್ನು ನಾಶ ಮಾಡುತ್ತದೆ ಎಂದು ಮೊಲಿನಾ ಮತ್ತು ರೋಲ್ಯಾಂಡ್ ಎಚ್ಚರಿಸಿದ್ದು 1974ರಲ್ಲಿ, ಅಂದರೆ ಮಿಡ್ಜ್ಲಿ ಸತ್ತು 30 ವರ್ಷಗಳ ನಂತರ. ಅಂಟಾರ್ಕ್ಟಿಕಾದ ಮೇಲಿನ ತೂತು ವರದಿಯಾಗಿದ್ದು 1985ರಲ್ಲಿ. ಆದ್ದರಿಂದ ಓಝೋನ್ ವಿಷಯದಲ್ಲಿ ಅವರಿಗೆ ಗೊತ್ತಿತ್ತು ಎನ್ನುವುದು ಸುಳ್ಳು. ಆಗ ಯಾರಿಗೂ ಗೊತ್ತಿರಲಿಲ್ಲ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಆರ್-12 ಹಂತ ಹಂತವಾಗಿ ಹೋಯಿತು. ಇಂದಿನ ಹೆಚ್ಚಿನ ಕಾರುಗಳಲ್ಲಿರುವುದು ಆರ್-134ಎ. ಇದು ಓಝೋನಿಗೆ ಹಾನಿ ಮಾಡದು. ಆದರೆ ತೂಕಕ್ಕೆ ತೂಕ ಹೋಲಿಸಿದರೆ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಿಸಿ ಹಿಡಿದಿಡುತ್ತದೆ.

ಹಾಗಾದರೆ ನಿಮ್ಮ ಕಾರಿನ ಎಸಿ?

ಮಿಡ್ಜ್ಲಿಯ ಗ್ಯಾಸ್ ಗೆದ್ದಿದ್ದೇ ಅದು ಸುಲಭವಾಗಿ ಕೆಡದ ಕಾರಣಕ್ಕೆ. ಇಂದಿನ ಗ್ಯಾಸ್ ಕೂಡ ಹಾಗೆಯೇ. ಅದು ಉರಿಯುವುದಿಲ್ಲ, ಸವೆಯುವುದಿಲ್ಲ. ಮುಚ್ಚಿದ ಪೈಪುಗಳಲ್ಲಿ ದ್ರವವಾಗಿ, ಆವಿಯಾಗಿ ಸುತ್ತುತ್ತಲೇ ಇರುತ್ತದೆ. ರಬ್ಬರ್ ಪೈಪು, ಸೀಲುಗಳಿಂದ ವರ್ಷಗಳಲ್ಲಿ ಸ್ವಲ್ಪ ಹೋಗಬಹುದು. ಆದರೆ ಪ್ರತಿ ಬೇಸಿಗೆ ಗ್ಯಾಸ್ ಇಲ್ಲವೆಂದರೆ ಎಲ್ಲೋ ಲೀಕ್ ಇದೆ ಎಂದೇ ಅರ್ಥ.

ಎಸಿ ತಂಪು ಕೊಡದಿದ್ದರೆ ಗ್ಯಾಸ್ ತುಂಬಿಸುವ ಮೊದಲು ಇವನ್ನು ನೋಡಿ:

• ಗಾಳಿಯೇ ಕಡಿಮೆ ಬರುತ್ತಿದೆಯೇ? ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡಿರಬಹುದು.

• ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯೇ? ಮುಂದಿನ ಫ್ಯಾನ್ ತಿರುಗುತ್ತಿದೆಯೇ, ಕಂಡೆನ್ಸರ್‌ನಲ್ಲಿ ಧೂಳು ತುಂಬಿದೆಯೇ ಎಂದು ಪರೀಕ್ಷಿಸಿ.

• ಎಸಿ ಹಾಕಿದಾಗ ಕಂಪ್ರೆಸರ್ ಶುರುವಾಗುತ್ತಿಲ್ಲವೇ? ಫ್ಯೂಸ್, ರಿಲೇ ಅಥವಾ ಕ್ಲಚ್ ಕೆಟ್ಟಿರಬಹುದು. ಗ್ಯಾಸ್ ತೀರಾ ಕಡಿಮೆಯಾದರೂ ಕಂಪ್ರೆಸರ್ ಉಳಿಸಲು ಪ್ರೆಶರ್ ಸ್ವಿಚ್ ಅದನ್ನು ತಡೆಯುತ್ತದೆ.

• ಪೈಪಿನ ಜಾಯಿಂಟಿನಲ್ಲಿ ಎಣ್ಣೆಯ ಕಲೆ ಇದೆಯೇ? ಗ್ಯಾಸಿನ ಜೊತೆ ಎಣ್ಣೆಯೂ ಸುತ್ತುವುದರಿಂದ ಲೀಕ್ ಆದ ಜಾಗದಲ್ಲಿ ಹೀಗೆ ಜಿಡ್ಡು ಕಾಣುತ್ತದೆ.

ಸರಿಯಾದ ರಿಪೇರಿಯೆಂದರೆ ಲೀಕ್ ಹುಡುಕಿ ಮುಚ್ಚುವುದು, ವ್ಯಾಕ್ಯೂಮ್ ಮಾಡಿ ಒಳಗಿನ ಗಾಳಿ, ತೇವ ತೆಗೆಯುವುದು, ಆಮೇಲೆ ಕಾರಿನ ಸ್ಟಿಕ್ಕರ್ ಮೇಲೆ ಬರೆದಷ್ಟೇ ಗ್ರಾಂ ಗ್ಯಾಸನ್ನು ತೂಕ ಮಾಡಿ ತುಂಬುವುದು. ಹೆಚ್ಚು ತುಂಬಿದರೂ ತಂಪು ಕಡಿಮೆಯಾಗುತ್ತದೆ. ಪೈಪು ಬಿಚ್ಚುವ ಸಾಹಸ ಮನೆಯಲ್ಲಿ ಬೇಡ. ಚಿಮ್ಮುವ ಗ್ಯಾಸ್ ಚರ್ಮ, ಕಣ್ಣನ್ನು ಹೆಪ್ಪುಗಟ್ಟಿಸಿ ಗಾಯ ಮಾಡುತ್ತದೆ.

ಲೀಕ್ ಹುಡುಕದೆ ಗ್ಯಾಸ್ ತುಂಬಿಸಿದರೆ ಅವತ್ತೇನೋ ತಂಪಾಗುತ್ತದೆ. ಮಿಡ್ಜ್ಲಿ ಊದಿದ ಮೇಣದಬತ್ತಿಯೂ ಅವತ್ತು ಆರಿತ್ತು. ಹಾನಿ ಕಂಡದ್ದು ದಶಕಗಳ ನಂತರ. ಅವರಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತಿದೆ. ಮುಂದಿನ ಸಲ ಗ್ಯಾರೇಜಿನಲ್ಲಿ ಗ್ಯಾಸ್ ಹಾಕಿಬಿಡೋಣ ಎಂದರೆ, ಮೊದಲು ಲೀಕ್ ಎಲ್ಲಿದೆ ನೋಡಿ ಎಂದು ಕೇಳಿ. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನು ಮಾಡಿ.