ಕಡಲಾಮೆಯ ತವರು ಹುಡುಕಿದ ಆರ್ಚಿ ಕಾರ್

ಮಂಗಳೂರು ಸಮೀಪದ ಸಸಿಹಿತ್ಲು ಕಡಲತೀರದಲ್ಲಿ 2024ರ ಆರಂಭದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳ ಗೂಡುಗಳು ಪತ್ತೆಯಾದಾಗ ಅರಣ್ಯ ಇಲಾಖೆ ಅವುಗಳಿಗೆ ರಕ್ಷಣೆ ಒದಗಿಸಿತು. ಮೊಟ್ಟೆಯಿಡಲು ಬರುವ ತಾಯಿ ಆಮೆ ತಾನು ಹುಟ್ಟಿದ್ದು ಎಲ್ಲಿ? ಈ ಪ್ರಶ್ನೆಯ ಬೆನ್ನು ಹತ್ತಿ ಬದುಕು ಸವೆಸಿದವರು ಅಮೆರಿಕದ ಪ್ರಾಣಿಶಾಸ್ತ್ರಜ್ಞ ಆರ್ಚಿ ಕಾರ್.

1909ರ ಜೂನ್ 16ರಂದು ಅಲಬಾಮಾ ರಾಜ್ಯದಲ್ಲಿ ಜನಿಸಿದ ಕಾರ್, 1937ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಅಲ್ಲಿಯೇ ಅಧ್ಯಾಪಕರಾದರು. ಅದೇ ವರ್ಷ ಕೈಹಿಡಿದ ಮಾರ್ಜೊರಿ ಕೂಡ ಪರಿಸರ ಹೋರಾಟದಲ್ಲಿ ಹೆಸರಾದವರು. 1952ರಲ್ಲಿ ಪ್ರಕಟವಾದ ಆಮೆಗಳ ಕೈಪಿಡಿ ಕಾರ್ ಅವರಿಗೆ ವಿದ್ವತ್ ವಲಯದಲ್ಲಿ ಕೀರ್ತಿ ತಂದಿತು.

1950ರ ದಶಕದ ಮಧ್ಯಭಾಗದಲ್ಲಿ ಅವರು ಕೋಸ್ಟರಿಕಾದ ಟೊರ್ಟುಗೆರೊ ತೀರದಲ್ಲಿ ಹಸಿರು ಕಡಲಾಮೆಗಳ ಈಜುಗಾಲಿಗೆ ಲೋಹದ ಬಿಲ್ಲೆ ತೊಡಿಸತೊಡಗಿದರು. ಬಿಲ್ಲೆ ಮರಳಿಸಿದ ಬೆಸ್ತರಿಗೆ ಬಹುಮಾನವೂ ಇತ್ತು. ದೂರದ ನಿಕರಾಗುವ ಕಡಲಿನಲ್ಲಿ ಮೇಯುತ್ತಿದ್ದ ಆಮೆಗಳು ಮೊಟ್ಟೆಯಿಡಲು ಮತ್ತೆ ಅದೇ ತೀರಕ್ಕೆ ಬರುತ್ತಿದ್ದವು. ಅವು ಹುಟ್ಟಿದ ನೆಲಕ್ಕೇ ಮರಳುತ್ತವೆ ಎಂಬುದು ಕಾರ್ ಅವರ ಊಹೆ. ಆದರೆ ಅಂಗೈಯಗಲದ ಮರಿಗೆ, ಅದು ಬೆಳೆದು ತಾಯಾಗುವವರೆಗಿನ ದಶಕಗಳ ಕಾಲ ಉಳಿಯುವ ಬಿಲ್ಲೆ ತೊಡಿಸುವುದು ಸಾಧ್ಯವಿರಲಿಲ್ಲ. ಊಹೆ ಊಹೆಯಾಗಿಯೇ ಉಳಿಯಿತು. 1987ರ ಮೇ 21ರಂದು ಕಾರ್ ನಿಧನರಾದರು.

ಉತ್ತರ ದೊರೆತದ್ದು ವಂಶವಾಹಿಯಲ್ಲಿ. ಮೈಟೊಕಾಂಡ್ರಿಯದ ಡಿಎನ್ಎ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ; ಆದ್ದರಿಂದ ಅದು ತಾಯಿಯ ಕಡೆಯ ವಂಶಾವಳಿಯ ಗುರುತು. ಕಾರ್ ಅವರ ಶಿಷ್ಯೆ ಆನ್ ಮೇಲನ್, ಬ್ರಯಾನ್ ಬೋವೆನ್ ಹಾಗೂ ಜಾನ್ ಅವೀಸ್ ಅಟ್ಲಾಂಟಿಕ್ ಮತ್ತು ಕೆರಿಬಿಯನ್ ತೀರಗಳ ಹಸಿರಾಮೆಗಳಲ್ಲಿ ಈ ಗುರುತನ್ನು ಪರೀಕ್ಷಿಸಿ, ತೀರದಿಂದ ತೀರಕ್ಕೆ ಅದು ಭಿನ್ನವಾಗಿರುವುದನ್ನು 1990ರಲ್ಲಿ ಪ್ರಕಟಿಸಿದರು. ಗುರುವಿನ ಊಹೆ ನಿಜವಾಯಿತು. ಆದರೆ ಅಸೆನ್ಷನ್ ದ್ವೀಪದ ಆಮೆಗಳ ಯಾತ್ರೆ, ಭೂಖಂಡಗಳು ಬೇರ್ಪಟ್ಟ ಪ್ರಾಚೀನ ಕಾಲದಿಂದಲೇ ಬಂದದ್ದೆಂಬ ಅವರ ಇನ್ನೊಂದು ವಾದವನ್ನು ಅದೇ ಡಿಎನ್ಎ 1989ರಲ್ಲಿ ತಳ್ಳಿಹಾಕಿತ್ತು.

ತಂದೆಯ ಪತ್ತೆಗೆ ಬೇರೆ ಗುರುತು ಬೇಕು. ತಂದೆ, ತಾಯಿ ಇಬ್ಬರಿಂದಲೂ ಬರುವ ಮೈಕ್ರೊಸ್ಯಾಟಲೈಟ್ ಎಂಬ ಡಿಎನ್ಎ ತುಣುಕುಗಳು ಆ ಕೆಲಸ ಮಾಡುತ್ತವೆ. ಕೋಸ್ಟರಿಕಾದ ಆಲಿವ್ ರಿಡ್ಲೆಗಳ ಕುರಿತ 2006ರ ಅಧ್ಯಯನದಲ್ಲಿ, ಸಾಮೂಹಿಕವಾಗಿ ಮೊಟ್ಟೆಯಿಡುವ ತೀರದಲ್ಲಿ ಪರೀಕ್ಷಿಸಿದ ಶೇ. 92ರಷ್ಟು ಗೂಡುಗಳ ಮರಿಗಳಿಗೆ ಒಬ್ಬರಿಗಿಂತ ಹೆಚ್ಚು ತಂದೆಯರಿದ್ದರು. ಒಂಟಿಯಾಗಿ ಮೊಟ್ಟೆಯಿಡುವ ತೀರದಲ್ಲಿ ಈ ಪ್ರಮಾಣ ಶೇ. 30 ಮಾತ್ರ.

ರಿಡ್ಲೆಗಳು ಹಸಿರಾಮೆಗಳಷ್ಟು ಕಟ್ಟುನಿಟ್ಟಾಗಿ ಒಂದೇ ತೀರಕ್ಕೆ ಅಂಟಿಕೊಳ್ಳುವುದಿಲ್ಲ; ಆದರೂ ತವರು ಕರಾವಳಿಯ ಸೆಳೆತ ಅವುಗಳಿಗೂ ಉಂಟು. ಕಡಲ್ಕೊರೆತ, ಕಲ್ಲಿನ ತಡೆಗೋಡೆ, ದೀಪಗಳ ನಡುವೆ ಮರಳ ದಂಡೆ ಕರಗಿದರೆ ಅಲ್ಲಿ ಹುಟ್ಟಿದ ಹೆಣ್ಣಾಮೆಗೆ ಮರಳಲು ತಾಣವಿರದು. ಬೇರೆಡೆಯ ಆಮೆಗಳು ಬಂದು ಆ ಜಾಗ ತುಂಬುವುದು ಸುಲಭವೂ ಅಲ್ಲ. ಕಾರ್ ಅವರ ಊಹೆ ನಿಜವಾದುದರ ಅರ್ಥ ಇದು. ಸಸಿಹಿತ್ಲುವಿನ ಮರಳೂ ಈ ಮಾತಿಗೆ ಹೊರತಲ್ಲ.