ಕಾರ್ನೋ ಪುಸ್ತಕದಲ್ಲಿ ಇಲ್ಲದ 60 ಕಿಲೋವ್ಯಾಟ್

ಕ್ಲಾಸಲ್ಲಿ ನಾವೆಲ್ಲ ಕಾರ್ನಾಟ್ ಅಂತೀವಿ; ಫ್ರೆಂಚರ ಬಾಯಲ್ಲಿ ಅದು ಕಾರ್ನೋ. ಸಾದಿ ಕಾರ್ನೋ ಹುಟ್ಟಿದ್ದು 1796ರಲ್ಲಿ, ಪ್ಯಾರಿಸ್‌ನಲ್ಲಿ. ಸಾದಿ ಅನ್ನೋ ಹೆಸರು ಬಂದದ್ದು ಪರ್ಷಿಯಾದ ಕವಿಯಿಂದ. ಅಪ್ಪ ಲಜಾರ್ ಗಣಿತಜ್ಞ, ಫ್ರೆಂಚ್ ಕ್ರಾಂತಿಯ ಸೇನೆಯನ್ನು ಕಟ್ಟಿದ ದೊಡ್ಡ ಮನುಷ್ಯ. ಮಗ 16ನೇ ವಯಸ್ಸಿಗೆ ಎಕೋಲ್ ಪಾಲಿಟೆಕ್ನಿಕ್ ಸೇರಿ, ಆಮೇಲೆ ಸೈನ್ಯದಲ್ಲಿ ಎಂಜಿನಿಯರ್ ಆದ. ನೆಪೋಲಿಯನ್ ಸೋತ ಮೇಲೆ ಅಪ್ಪನಿಗೆ ಗಡೀಪಾರಾಯ್ತು.

1824ರಲ್ಲಿ ಸಾದಿ ಸ್ವಂತ ಖರ್ಚಿನಲ್ಲಿ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ಆತ ಪ್ರಕಟಿಸಿದ್ದು ಅದೊಂದೇ. ನೀರು ಮೇಲಿಂದ ಬಿದ್ದು ಚಕ್ರ ತಿರುಗಿಸುವ ಹಾಗೆ, ಬಿಸಿ ಕಡೆಯಿಂದ ತಣ್ಣನೆ ಕಡೆಗೆ ಇಳಿಯುವ ಶಾಖ ಎಂಜಿನ್ ಓಡಿಸುತ್ತೆ ಅಂತ ಅದರ ವಾದ. ಎಂಥ ಒಳ್ಳೆ ಹೋಲಿಕೆ! ಆದರೆ ತೊಡಕೂ ಅಲ್ಲೇ ಇದೆ. ಚಕ್ರ ತಿರುಗಿಸಿದ ನೀರು ಒಂದು ಹನಿಯೂ ಕಡಿಮೆಯಾಗಲ್ಲ; ಶಾಖವೂ ಹಾಗೇ ಅಂದುಕೊಂಡಿದ್ದ.

ಆ ಎಂಜಿನ್ನನ್ನು ಹಿಮ್ಮುಖವಾಗಿ ಓಡಿಸಿ: ಅದೇ ನಮ್ಮ ಚಿಲ್ಲರ್. 100 ಟನ್ನಿನ ವಾಟರ್ ಕೂಲ್ಡ್ ಚಿಲ್ಲರ್ ಒಂದಿದೆ ಅಂತಿಟ್ಕೊಳ್ಳಿ. ಇವಾಪೊರೇಟರ್‌ನಲ್ಲಿ ಎತ್ತುವ ಶಾಖ ಸುಮಾರು 352 ಕಿಲೋವ್ಯಾಟ್, ಕಂಪ್ರೆಸರ್‌ನ ಕೆಲಸ 60. 1824ರ ಲೆಕ್ಕದಲ್ಲಿ ಕಂಡೆನ್ಸರ್ ಹೊರಹಾಕುವುದೂ 352 ಅಷ್ಟೇ. ನಿಜದಲ್ಲಿ 412, ಅಂದರೆ 17 ಶೇಕಡಾ ಜಾಸ್ತಿ. ಕಂಪ್ರೆಸರ್ 88 ಕಿಲೋವ್ಯಾಟ್ ಎಳೆಯುವಂಥದ್ದಾದರೆ ಜಾಸ್ತಿ ಶಾಖ 25 ಶೇಕಡಾ ಮುಟ್ಟುತ್ತೆ. ಚಿಲ್ಲರಿನ ಟನ್ ಗಂಟೆಗೆ 12,000 ಬಿಟಿಯು ಇದ್ದರೆ ಕೂಲಿಂಗ್ ಟವರ್ ಟನ್ನನ್ನು 15,000 ಅಂತ ಹಿಡಿಯೋದು ಇದಕ್ಕೇ. 100 ಟನ್ ಚಿಲ್ಲರಿಗೆ ಬರೀ 352 ಕಿಲೋವ್ಯಾಟ್ ತಾಳುವ ಟವರ್ ಕೂರಿಸಿದರೆ ಕಂಡೆನ್ಸರ್ ನೀರು ಬಿಸಿಯೇರುತ್ತೆ, ಕಂಪ್ರೆಸರ್ ಇನ್ನೂ ಜಾಸ್ತಿ ಕರೆಂಟ್ ತಿನ್ನುತ್ತೆ, ಕೂಲಿಂಗ್ ಬೀಳುತ್ತೆ.

ಕಾರ್ನೋಗೂ ಪುಸ್ತಕ ಬಂದ ಮೇಲೆ ಅನುಮಾನ ಶುರುವಾಗಿತ್ತು. ಕೆಲಸವೇ ಶಾಖವಾಗುತ್ತೆ, ಶಾಖವೇ ಕೆಲಸವಾಗುತ್ತೆ ಅನ್ನೋ ತೀರ್ಮಾನಕ್ಕೆ ಬಂದು, ಟಿಪ್ಪಣಿ ಹಾಳೆಗಳಲ್ಲಿ ಬರೆದಿಟ್ಟ. ಒಂದು ಕಿಲೋಕ್ಯಾಲೊರಿಗೆ ಎಷ್ಟು ಕೆಲಸ ಅಂತ ಲೆಕ್ಕವನ್ನೂ ಹಾಕಿದ: 370 ಕಿಲೋಗ್ರಾಂ-ಮೀಟರ್. ಇವತ್ತಿನ ಬೆಲೆ 427. ಜೂಲ್‌ನ ಪ್ರಯೋಗಗಳಿಗೂ ಮುಂಚಿನ ಮಾತಿದು, ನೆನಪಿರಲಿ.

ಆ ಹಾಳೆಗಳನ್ನು ಪ್ರಕಟಿಸೋಕೆ ಟೈಮೇ ಸಿಗಲಿಲ್ಲ. 1832ರ ಆಗಸ್ಟ್‌ನಲ್ಲಿ ಕಾಲರಾ ಬಂದು ಸತ್ತಾಗ ವಯಸ್ಸು 36. ಕ್ಲಾಪೆರಾನ್ 1834ರಲ್ಲಿ ಹಳೇ ಪುಸ್ತಕವನ್ನು ಎತ್ತಿ ತೋರಿಸಿದ. 1850ರಲ್ಲಿ ಕ್ಲಾಸಿಯಸ್ ಅದರ ಶಾಖದ ಲೆಕ್ಕವನ್ನು ಸರಿಮಾಡಿದ. ತಮ್ಮ ಇಪ್ಪೊಲಿತ್ ಕಾಪಾಡಿಕೊಂಡಿದ್ದ ಟಿಪ್ಪಣಿಗಳು ಅಚ್ಚಾಗಿದ್ದು 1878ರಲ್ಲಿ.