ಕುಲುಮೆಗೆ ಯಾವ ಸೌದೆ? ಸರ್ ಎಂ.ವಿ. ಮತ್ತು ಭದ್ರಾವತಿ

ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕನ್ನಂಬಾಡಿ ಕಟ್ಟೆಯಿಂದ ಶುರು ಮಾಡುತ್ತಾರೆ. ಪ್ರತಿ ವರ್ಷ ಸೆಪ್ಟೆಂಬರ್ 15ರಂದು ನಾವು ಕೇಳುವುದೂ ಅದನ್ನೇ. ನಾನು ಕಾಮರ್ಸ್ ವಿದ್ಯಾರ್ಥಿ. ಅವರ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಣೆಕಟ್ಟೆಯಲ್ಲ, ನಮ್ಮ ಶಿವಮೊಗ್ಗದಿಂದ ಸುಮಾರು 20 ಕಿ.ಮೀ. ದೂರದ ಭದ್ರಾವತಿಯ ಒಂದು ಖರ್ಚಿನ ಲೆಕ್ಕ.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಬೇರೆ ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಆ ದುಡ್ಡಿನಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಪುಣೆಯಲ್ಲಿ ಇಂಜಿನಿಯರಿಂಗ್, 1884ರಲ್ಲಿ ಮುಂಬಯಿ ಸರ್ಕಾರದ ಕೆಲಸ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಊರನ್ನು ಕಾಪಾಡುವ ದಾರಿ ಹುಡುಕಲು ನಿಜಾಮರ ಸರ್ಕಾರ ಇವರನ್ನು ಕರೆಸಿತು. ನೀರನ್ನು ಊರಿನ ಮೇಲ್ಭಾಗದಲ್ಲೇ ತಡೆಯಬೇಕು ಎಂದು ಅವರು ಕೊಟ್ಟ ಸಲಹೆಯ ಮೇಲೆ ಮುಂದೆ ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಜಲಾಶಯಗಳು ಎದ್ದವು. ನಮ್ಮ ಉರ್ದು ಮಾತಿನ ಮನೆಗಳಲ್ಲಿ ಹೈದರಾಬಾದ್ ಎಂದರೆ ಚಾರ್‌ಮಿನಾರ್ ಮತ್ತು ಬಿರಿಯಾನಿ. ಅಲ್ಲಿ ಮುದ್ದೇನಹಳ್ಳಿಯವರ ಕೆಲಸವೂ ಇದೆ ಎಂದು ಹೇಳುವವರು ಕಡಿಮೆ.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್, 1912ರಲ್ಲಿ ದಿವಾನರು. ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾಲಯ ಅವರ ಕಾಲದವು.

ಈಗ ಕಬ್ಬಿಣಕ್ಕೆ ಬರುತ್ತೇನೆ. ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರಿತ್ತು, ಭದ್ರಾ ನದಿಯಲ್ಲಿ ನೀರಿತ್ತು. ಇಲ್ಲದ್ದು ಕಲ್ಲಿದ್ದಲು. ಮೈಸೂರು ಸೀಮೆಯಲ್ಲಿ ಅದು ಸಿಗುವುದಿಲ್ಲ. ಝರಿಯಾದಂಥ ದೂರದ ಗಣಿಯಿಂದ ರೈಲಿನಲ್ಲಿ ತಂದರೆ ಸಾಗಣೆ ಖರ್ಚೇ ಲಾಭವನ್ನು ನುಂಗುತ್ತದೆ. ಆದರೆ ಮಲೆನಾಡಿನ ತುಂಬ ಕಾಡಿತ್ತು. ಹೀಗೆ ಕಟ್ಟಿಗೆಯ ಇದ್ದಿಲಿನಿಂದಲೇ ಊದುಕುಲುಮೆ ಉರಿಸುವ ತೀರ್ಮಾನವಾಯಿತು. ಅಮೆರಿಕದ ತಜ್ಞ ಸಿ.ಪಿ. ಪೆರಿನ್ ಪರಿಶೀಲಿಸಿ ಯೋಜನೆ ಕೊಟ್ಟರು.

ಸೌದೆಯ ಒಲೆ ಕಂಡವರಿಗೆ ಇದರ ಕಷ್ಟ ಅರ್ಥವಾಗುತ್ತದೆ. ನಮ್ಮ ಬಚ್ಚಲ ಹಂಡೆಯ ಒಲೆಗೆ ದಾದಿಮಾ ಹಸಿ ಸೌದೆ ಹಾಕಲು ಬಿಡುವುದಿಲ್ಲ. ಅರ್ಧ ಶಾಖ ಸೌದೆಯೊಳಗಿನ ನೀರು ಆರಿಸುವುದಕ್ಕೇ ಹೋಗುತ್ತದೆ, ಉಳಿದದ್ದು ಹೊಗೆ. ಕಾರ್ಖಾನೆಗೂ ಅದೇ ಕಥೆ. ಒಂದು ಟನ್ ಇದ್ದಿಲಿಗೆ ಮೂರು ನಾಲ್ಕು ಟನ್ ಕಟ್ಟಿಗೆ ಬೇಕು. ಕಡಿಯಬೇಕು, ಸಾಗಿಸಬೇಕು, ಒಣಗಿಸಬೇಕು. ಇದ್ದಿಲು ಬೇಗ ಪುಡಿಯಾಗುವುದರಿಂದ ಕುಲುಮೆಯನ್ನು ತುಂಬ ಎತ್ತರ ಕಟ್ಟುವಂತಿಲ್ಲ. ಅನುಕೂಲವೂ ಇತ್ತು: ಇದ್ದಿಲಿನಲ್ಲಿ ಗಂಧಕ ಬಹಳ ಕಡಿಮೆ, ಹಾಗಾಗಿ ಕಬ್ಬಿಣ ಶುದ್ಧ. ಕಟ್ಟಿಗೆಯನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿದ್ದರಿಂದ ಹೊಗೆಯೂ ಪೋಲಾಗಲಿಲ್ಲ. ಅದರಿಂದ ಟಾರು, ಮರದ ಮದ್ಯಸಾರ, ಅಸಿಟೇಟ್ ಸಿಕ್ಕಿದವು. ನಾವು ಕಾಸ್ಟಿಂಗ್‌ನಲ್ಲಿ ಉಪೋತ್ಪನ್ನ ಎನ್ನುವುದು ಇದನ್ನೇ.

1918ರಲ್ಲಿ ಕೆಲಸ ಶುರುವಾಯಿತು. ಅದೇ ವರ್ಷದ ಕೊನೆಗೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ವಿಚಾರದಲ್ಲಿ ಮಹಾರಾಜರ ದಾರಿ ಅವರಿಗೆ ಒಪ್ಪಿಗೆಯಾಗಲಿಲ್ಲ; ಅರ್ಹತೆಯೊಂದೇ ನೋಡಬೇಕೆಂಬುದು ಅವರ ನಿಲುವು. ಇಲ್ಲಿ ನಾನು ಅವರ ಜೊತೆಗಿಲ್ಲ. ಆಗ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದವರೆಂದು ಗುರುತಿಸಿದವರಲ್ಲಿ ಮುಸ್ಲಿಮರೂ ಇದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಆ ದಾರಿ ಹಿಡಿದದ್ದು ಸರಿ ಎಂದೇ ನನಗೆ ಅನಿಸುತ್ತದೆ. ದೊಡ್ಡವರನ್ನು ಗೌರವಿಸುವುದಕ್ಕೆ ಅವರ ಎಲ್ಲ ಮಾತನ್ನೂ ಒಪ್ಪಬೇಕಾಗಿಲ್ಲ.

1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ! (ಅದು ವಂಕಿಪುರದಿಂದ ಬಂದದ್ದು ಎನ್ನುತ್ತಾರೆ, ಆದರೂ ಹೆಸರು ಚೆನ್ನಾಗಿ ಹೊಂದಿತು.) ಆದರೆ ಯುದ್ಧಕಾಲದ ಬೆಲೆ ನೋಡಿ ಹಾಕಿದ ಯೋಜನೆ ಅದು, ಉತ್ಪಾದನೆ ಶುರುವಾಗುವ ಹೊತ್ತಿಗೆ ಕಬ್ಬಿಣದ ಬೆಲೆ ಕುಸಿದಿತ್ತು. ಸಾಲದ್ದಕ್ಕೆ 1923ರಲ್ಲೇ ಜರ್ಮನಿಯಲ್ಲಿ ಮರವಿಲ್ಲದೆ ಮದ್ಯಸಾರ ತಯಾರಿಸುವ ಕಾರ್ಖಾನೆ ಶುರುವಾಗಿ, ಜಗತ್ತಿನಾದ್ಯಂತ ಕಟ್ಟಿಗೆಯ ಮದ್ಯಸಾರದ ವ್ಯಾಪಾರಕ್ಕೆ ಪೆಟ್ಟು ಬಿತ್ತು. ನಷ್ಟ ನೋಡಿ ಮುಚ್ಚಿಬಿಡಿ ಎಂದವರಿದ್ದರು.

ಆಗ ಕರೆ ಹೋದದ್ದು ನಿವೃತ್ತರಾಗಿದ್ದ ಅವರಿಗೇ. ಅರವತ್ತು ದಾಟಿದ್ದ ಅವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಖರ್ಚಿನ ಪ್ರತಿ ಬಾಬನ್ನೂ ಹಿಡಿದು ನೋಡಿದರು. ಹೆಚ್ಚು ಸಂಬಳದ ವಿದೇಶಿ ತಜ್ಞರ ಜಾಗಕ್ಕೆ ನಮ್ಮವರನ್ನು ತರಬೇತಿ ಕೊಟ್ಟು ತಂದರು. ಆ ಕೆಲಸಕ್ಕೆ ತಮಗೆ ಸಲ್ಲಬೇಕಾದ ಹಣವನ್ನು ಅವರು ಇಟ್ಟುಕೊಳ್ಳಲಿಲ್ಲ. ಅದು ಮುಂದೆ 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆಗೆ ಹೋಯಿತು. ನನ್ನ ಮಟ್ಟಿಗೆ ಕನ್ನಂಬಾಡಿಗಿಂತ ಇದೇ ದೊಡ್ಡ ಕೆಲಸ. ಕಟ್ಟುವವರು ಸಿಗುತ್ತಾರೆ, ನಷ್ಟದಲ್ಲಿರುವುದನ್ನು ಕೈಗೆತ್ತಿಕೊಳ್ಳುವವರು ಸಿಗುವುದಿಲ್ಲ.

1926ರಲ್ಲಿ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವರೂ ಕಾರ್ಖಾನೆಯ ಕೈಬಿಡಲಿಲ್ಲ. ಅವರ ಕಾಲದಲ್ಲಿ ಉಕ್ಕು, ಸಿಮೆಂಟು, ಕಾಗದ ಮೂರೂ ಭದ್ರಾವತಿಗೆ ಬಂದವು.

ಸೌದೆಯ ಪ್ರಶ್ನೆ ಬಗೆಹರಿದದ್ದು ಶರಾವತಿಯಿಂದ. ಜೋಗದ ವಿದ್ಯುತ್ ಬಂದ ಮೇಲೆ 1952ರಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಶುರುವಾದವು. ವಿಶ್ವೇಶ್ವರಯ್ಯನವರು ಆಗಲೂ ಬದುಕಿದ್ದರು. 1955ರಲ್ಲಿ ಭಾರತರತ್ನ ಬಂತು, 1962ರಲ್ಲಿ ನೂರು ದಾಟಿದ ಮೇಲೆ ತೀರಿಕೊಂಡರು. ಅವರ ಹೆಸರು ಹೊತ್ತ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ, ಮೊದಲ ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷಕ್ಕೆ, ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಅದೇ ಆಗಸ್ಟಿನಲ್ಲಿ ಒಂದು ಭಾಗ ಮತ್ತೆ ಕೆಲಸ ಶುರು ಮಾಡಿತು.